ಮೀನಿನ ವಯಸ್ಸು ಓದಲು ಕಲಿತದ್ದು

ನಾನು ಸರ್ಕಾರದ ವನ್ಯಜೀವಿ ಇಲಾಖೆಯಲ್ಲಿ ಮೀನುಗಳ ಮೇಲೆ ಸಂಶೋಧನೆ ಮಾಡುತ್ತೇನೆ. ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಮೇಲಧಿಕಾರಿಗಳು, ಮೀನುಗಾರರು, ನೋಡಲು ಬರುವ ಶಾಲೆ ಮಕ್ಕಳು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಈ ಜಲಾಶಯದಲ್ಲಿ ಎಷ್ಟು ಮೀನಿದೆ?" ಮೊದಲ ನಾಲ್ಕೈದು ವರ್ಷ ನಾನೂ ಅದೇ ಪ್ರಶ್ನೆಯ ಹಿಂದೆ ಓಡಿದೆ. ಆ ಮೀನುಗಳಿಗೆ ವಯಸ್ಸೆಷ್ಟು ಅಂತ ಸರಿಯಾಗಿ ಕೇಳಿಕೊಂಡದ್ದು ಆಮೇಲೆ. ಅಷ್ಟರಲ್ಲಿ ತಡವಾಗಿತ್ತು, ಆದರೆ ಪೂರ್ತಿ ತಡವಾಗಿರಲಿಲ್ಲ.

ಎಣಿಸುವುದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಮೀನು ಹಿಡಿಯುತ್ತೇವೆ, ಗುರುತು ಹಾಕಿ ಬಿಡುತ್ತೇವೆ. ಅವು ಉಳಿದ ಮೀನುಗಳ ಜೊತೆ ಬೆರೆಯಲು ಸಮಯ ಕೊಟ್ಟು ಮತ್ತೆ ಹಿಡಿಯುತ್ತೇವೆ. ಎರಡನೇ ಸಲ ಸಿಕ್ಕಿದ್ದರಲ್ಲಿ ಗುರುತಿನವು ಎಷ್ಟು ಅಂತ ನೋಡಿದರೆ ಒಟ್ಟು ಲೆಕ್ಕ ಸಿಗುತ್ತದೆ. 200 ಮೀನಿಗೆ ಗುರುತು ಹಾಕಿದೆವು, ಆಮೇಲೆ 150 ಸಿಕ್ಕವು, ಅದರಲ್ಲಿ 10 ಗುರುತಿನವು ಅಂದರೆ ಒಟ್ಟು ಸುಮಾರು 3,000. ಡೆನ್ಮಾರ್ಕಿನ ಪೀಟರ್ಸನ್ 1890ರ ದಶಕದಲ್ಲಿ ಪ್ಲೇಸ್ ಎಂಬ ಚಪ್ಪಟೆ ಮೀನುಗಳಿಗೆ ಗುರುತು ಹಾಕಿದ್ದರು. ಈ ಲೆಕ್ಕಕ್ಕೆ ಇವತ್ತಿಗೂ ಅವರ ಹೆಸರೇ ಇದೆ.

ಕೇಳಲು ಸುಲಭ, ಅಲ್ವಾ? ಆದರೆ ಗುರುತಿನವು ಬರೀ 10 ಸಿಕ್ಕಿದ್ದರೆ ನಿಜವಾದ ಸಂಖ್ಯೆ ಒಂದೂವರೆ ಸಾವಿರದಿಂದ ಆರು ಸಾವಿರದವರೆಗೆ ಎಲ್ಲಿ ಬೇಕಾದರೂ ಇರಬಹುದು. ಮೊದಲ ವರ್ಷದ ವರದಿಯಲ್ಲಿ ನಾನು ಈ ಅಂತರವನ್ನೂ ಬರೆದಿದ್ದೆ. ಮೇಲಿನಿಂದ ಮಾತು ಬಂತು: "ಇಷ್ಟೆಲ್ಲ ಬೇಡ, ಒಂದು ಸಂಖ್ಯೆ ಕೊಡಿ ಸಾಕು." ಕೊಟ್ಟೆ. ಆ ಒಂಟಿ ಸಂಖ್ಯೆ ನಾಲ್ಕು ವರ್ಷ ಕಡತದಿಂದ ಕಡತಕ್ಕೆ ಓಡಾಡಿತು. ಈಗ ಯಾರೇ ಕೇಳಿದರೂ ಕನಿಷ್ಠ, ಗರಿಷ್ಠ ಎರಡನ್ನೂ ಬರೆಯದೆ ನಾನು ಸಹಿ ಹಾಕುವುದಿಲ್ಲ.

ಮೀನು ಹಿಡಿಯುವುದರಲ್ಲೂ ಕಲಿಯಲು ಬಹಳ ಇದೆ. ಬಲೆ ಸುಮ್ನೆ ಮೀನು ಹಿಡಿಯುವುದಿಲ್ಲ, ಆರಿಸಿ ಹಿಡಿಯುತ್ತದೆ. ಬಲೆಯ ಕಣ್ಣು ದೊಡ್ಡದಾದರೆ ಮರಿಗಳು ನುಣುಚಿಕೊಳ್ಳುತ್ತವೆ, ಸಣ್ಣದಾದರೆ ದೊಡ್ಡವು ಮೂತಿ ತಾಗಿಸಿ ಹಿಂದೆ ಸರಿಯುತ್ತವೆ. ಅದಕ್ಕೇ ಸಮೀಕ್ಷೆಗೆ ಬೇರೆ ಬೇರೆ ಕಣ್ಣಿನ ತುಂಡುಗಳನ್ನು ಜೋಡಿಸಿದ ಬಲೆ ಬೇಕು. ನಾರ್ಡಿಕ್ ಬಲೆ ಅಂತ ಒಂದಿದೆ. 30 ಮೀಟರ್ ಉದ್ದ, ಅದರಲ್ಲಿ 12 ತುಂಡು, ಕಣ್ಣಿನ ಅಳತೆ 5ರಿಂದ 55 ಮಿಲಿಮೀಟರ್‌ವರೆಗೆ. ಹರಿಯುವ ನೀರಲ್ಲಿ ಕರೆಂಟ್ ಹಾಯಿಸಿ ಹಿಡಿಯುತ್ತೇವೆ. ಮೀನು ತಾನಾಗಿಯೇ ಧನ ಧ್ರುವದ ಕಡೆ ಈಜಿ ಬರುತ್ತದೆ. ಅಲ್ಲೂ ದೊಡ್ಡ ಮೀನಿಗೆ ಪೆಟ್ಟು ಜಾಸ್ತಿ, ಸಣ್ಣದಕ್ಕೆ ಕಮ್ಮಿ. ವೋಲ್ಟೇಜ್ ಹೆಚ್ಚಾದರೆ ಬೆನ್ನುಮೂಳೆಗೇ ಏಟು. ನೀರಿನಲ್ಲಿ ಲವಣ ಎಷ್ಟಿದೆ, ಕರೆಂಟ್ ಎಷ್ಟು ಹರಿಯುತ್ತದೆ ಅಂತ ಅಳೆಯದೆ ಯಂತ್ರ ಆನ್ ಮಾಡಬಾರದು. ರಬ್ಬರ್ ಕೈಗವಸು ಇಲ್ಲದೆ ನೀರಿಗೆ ಇಳಿಯಲೇಬಾರದು.

ಇದೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಒಂದೇ ಬಲೆ, ಒಂದೇ ಜಾಗ, ಒಂದೇ ತಿಂಗಳು, ಮುಳುಗಿಸಿಡುವ ಹೊತ್ತೂ ಅಷ್ಟೇ. ವರ್ಷ ವರ್ಷವೂ ಹಾಗೇ ಮಾಡಬೇಕು. ಹೊಸದಾಗಿ ಬಂದ ಹುಡುಗರಿಗೆ ಇದು ಬೇಸರದ ಕೆಲಸ ಅನ್ನಿಸುತ್ತದೆ. "ಈ ಸಲ ಆ ಕಡೆ ಹಾಕೋಣ ಸರ್, ಅಲ್ಲಿ ಜಾಸ್ತಿ ಸಿಗುತ್ತೆ" ಅನ್ನುತ್ತಾರೆ. ಜಾಸ್ತಿ ಸಿಗುವುದು ಮೀನುಗಾರರಿಗೆ ಬೇಕು. ನಮಗೆ ಬೇಕಾದದ್ದು ಹೋದ ವರ್ಷದ ಜೊತೆ ಹೋಲಿಸಿ ನೋಡಲು ಬರುವ ಲೆಕ್ಕ.

ನಮ್ಮ ಜಲಾಶಯದಲ್ಲಿ ನಾನು ಹೆಚ್ಚಾಗಿ ನೋಡಿಕೊಂಡದ್ದು ಗೆಂಡೆಗೆ ಹತ್ತಿರದ ಕುಲದ ಒಂದು ದೊಡ್ಡ ಮೀನನ್ನು. ಅಲ್ಲಿನ ನದಿ ಅಣೆಕಟ್ಟು ಕಾಣುವ ಮೊದಲಿಂದಲೂ ಇದ್ದದ್ದು. ಅದರ ವಯಸ್ಸನ್ನು ನಾವು ಹುರುಪೆಯಿಂದ ಓದುತ್ತಿದ್ದೆವು. ಪಕ್ಕೆಯಿಂದ ನಾಲ್ಕೈದು ಹುರುಪೆ ಕಿತ್ತು, ಗಾಜಿನ ಪಟ್ಟಿಯ ನಡುವೆ ಇಟ್ಟು, ಸೂಕ್ಷ್ಮದರ್ಶಕದಲ್ಲಿ ಗೆರೆ ಎಣಿಸುವುದು. ಬೆಳವಣಿಗೆ ನಿಧಾನವಾಗುವ ಕಾಲದಲ್ಲಿ ಗೆರೆಗಳು ಒತ್ತೊತ್ತಾಗಿ ಬೀಳುತ್ತವೆ. ಗೆಂಡೆಯ ಹುರುಪೆಯಲ್ಲಿ ಹೀಗೆ ವಯಸ್ಸು ಕಾಣುತ್ತದೆ ಅಂತ ಜರ್ಮನಿಯ ಹಾಫ್‌ಬಾವರ್ 1898ರಲ್ಲೇ ತೋರಿಸಿದ್ದರು. ಮೀನನ್ನು ಕೊಲ್ಲಬೇಕಿಲ್ಲ, ಖರ್ಚಿಲ್ಲ. ನಮ್ಮ ಲೆಕ್ಕದಲ್ಲಿ ಅತಿ ಹಿರಿಯ ಮೀನಿಗೆ 10 ವರ್ಷ ಬಂತು. ಎಲ್ಲವೂ ಏಳು, ಎಂಟು, ಒಂಬತ್ತು. ಸರಿ, ಹತ್ತು ವರ್ಷ ಬದುಕುವ ಮೀನು ಅಂತ ಬರೆದುಕೊಂಡೆವು.

ಆ ದಡದಲ್ಲಿ ಮೀನು ಹಿಡಿಯುವ ವಯಸ್ಸಾದ ಒಬ್ಬರಿದ್ದರು. ನಾನು ಹಲಗೆಯ ಮೇಲೆ ಮೀನು ಮಲಗಿಸಿ ಉದ್ದ ಅಳೆಯುತ್ತಿದ್ದರೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಂದು ದಿನ ಕೇಳಿದರು: "ಸರ್, ನೀವು ಪ್ರತಿ ವರ್ಷ ಬಂದು ಇಂಥ ದೊಡ್ಡವನ್ನೇ ಅಳೀತೀರಿ. ಇದರ ಮರಿ ನೀವು ಎಲ್ಲಾದರೂ ಕಂಡಿದ್ದೀರಾ? ನಾನಂತೂ ಕಂಡು ಬಹಳ ವರ್ಷ ಆಯ್ತು." ಮರಿಗಳು ನಮ್ಮ ಬಲೆಗೆ ಬೀಳುತ್ತಿಲ್ಲ ಅಷ್ಟೇ, ಬೇರೆ ಕಡೆ ಇರುತ್ತವೆ ಅಂದೆ. ಅವರು ಏನೂ ಹೇಳಲಿಲ್ಲ. ಆ ರಾತ್ರಿ ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿದೆ. ಸಣ್ಣ ಕಣ್ಣಿನ ಬಲೆಯಲ್ಲಿ ಬೇರೆ ಜಾತಿಯ ಮರಿಗಳು ಬೇಕಾದಷ್ಟಿದ್ದವು. ಈ ಮೀನಿನದು ಒಂದೂ ಇರಲಿಲ್ಲ. ನನ್ನ ಕೈಬರಹದಲ್ಲೇ ಇತ್ತು ಅದೆಲ್ಲ, ನಾನೇ ಓದಿರಲಿಲ್ಲ.

ಆಮೇಲೆ ವಯಸ್ಸನ್ನು ಇನ್ನೊಮ್ಮೆ ಸರಿಯಾಗಿ ನೋಡಲು ಓಟೋಲಿತ್, ಅಂದರೆ ಕಿವಿಕಲ್ಲು, ಹಿಡಿದೆ. ಮೀನಿನ ತಲೆಯೊಳಗೆ, ಮಿದುಳಿನ ಅಕ್ಕಪಕ್ಕ, ಸುಣ್ಣದ ಅಂಶದ ಮೂರು ಜೊತೆ ಕಿವಿಕಲ್ಲುಗಳಿರುತ್ತವೆ. ಹುರುಪೆ ಉದುರಿದರೆ ಹೊಸದು ಬರುತ್ತದೆ, ಮೀನು ಬೆಳೆಯುವುದು ನಿಂತರೆ ಹುರುಪೆಯ ಅಂಚಿನಲ್ಲಿ ಗೆರೆಗೆ ಜಾಗವೇ ಇರುವುದಿಲ್ಲ. ಕಿವಿಕಲ್ಲು ಹಾಗಲ್ಲ. ಮೀನು ಬದುಕಿರುವವರೆಗೆ ಪದರದ ಮೇಲೆ ಪದರ ಸೇರುತ್ತಲೇ ಇರುತ್ತದೆ. ಬೇರೆ ಬಹುತೇಕ ಮೀನುಗಳಲ್ಲಿ ಸಗಿಟ್ಟಾ ಅನ್ನುವ ಜೊತೆ ದೊಡ್ಡದು, ಅದನ್ನೇ ಓದುತ್ತಾರೆ. ಗೆಂಡೆಯ ಬಳಗದಲ್ಲಿ ಅದು ಸೂಜಿಯಂತೆ ತೆಳು, ಮುಟ್ಟಿದರೆ ಮುರಿಯುತ್ತದೆ. ಹಾಗಾಗಿ ಲ್ಯಾಪಿಲಸ್ ಅನ್ನುವ ಇನ್ನೊಂದು ಜೊತೆಯನ್ನು ತೆಗೆಯಬೇಕು. ಬೆರಳ ತುದಿಯ ಮೇಲಿಟ್ಟರೆ ಸಣ್ಣ ಅಕ್ಕಿ ನುಚ್ಚಿನಂತೆ ಕಾಣುತ್ತದೆ. ಅದನ್ನು ಅಂಟಿನಲ್ಲಿ ಹೂತು, ಗಟ್ಟಿಯಾದ ಮೇಲೆ ತೆಳ್ಳಗೆ ಕೊಯ್ದು, ನುಣ್ಣಗೆ ಉಜ್ಜಬೇಕು. ಒಂದು ಉಜ್ಜು ಜಾಸ್ತಿಯಾದರೆ ನಡುವಿನ ವರ್ಷಗಳೇ ಹೊರಟುಹೋಗುತ್ತವೆ. ಮೊದಲ ಹದಿನೈದಿಪ್ಪತ್ತನ್ನು ಹಾಗೇ ಕಳೆದುಕೊಂಡೆ.

ಸರಿಯಾಗಿ ಬಂದ ಮೊದಲ ತುಂಡು ನನಗೆ ಇನ್ನೂ ಕಣ್ಣಮುಂದಿದೆ. ಹುರುಪೆಯಲ್ಲಿ 9 ವರ್ಷ ಅಂತ ಬರೆದಿದ್ದ ಮೀನು. ಬೆಳಕು ಹಾಕಿ ಎಣಿಸಿದೆ. ಒಂಬತ್ತಾದ ಮೇಲೂ ಗೆರೆಗಳು ಮುಗಿಯಲಿಲ್ಲ. ಅಂಚಿಗೆ ಹೋದಂತೆ ಕೂದಲೆಳೆಯಷ್ಟು ಹತ್ತಿರ ಹತ್ತಿರ. 27 ಬಂತು. ಮತ್ತೆ ಎಣಿಸಿದೆ, 28. ಸಹೋದ್ಯೋಗಿಗೆ ಏನೂ ಹೇಳದೆ ಕೊಟ್ಟೆ. ಅವರಿಗೂ 27. ಆ ಮೀನನ್ನು ಕೊಂದವನು ನಾನೇ ಅನ್ನುವುದು ಆ ಗಳಿಗೆಯಲ್ಲಿ ತಟ್ಟಿತು. ಆವತ್ತಿನಿಂದ ಎಷ್ಟು ಮೀನು ಕೊಲ್ಲಬೇಕು ಅಂತ ಮೊದಲೇ ಲೆಕ್ಕ ಹಾಕಿ, ಅದಕ್ಕಿಂತ ಒಂದೂ ಹೆಚ್ಚು ತೆಗೆಯುವುದಿಲ್ಲ.

ಇಂಥದ್ದು ಬೇರೆ ಕಡೆಯೂ ಆಗಿದೆ. ಅಮೆರಿಕದ ಬಿಗ್‌ಮೌತ್ ಬಫೆಲೋ ಎಂಬ ಮೀನು ಇಪ್ಪತ್ತಾರು ವರ್ಷ ಬದುಕಿದರೆ ಹೆಚ್ಚು ಅಂದುಕೊಂಡಿದ್ದರು. 2019ರಲ್ಲಿ 112 ವರ್ಷದ್ದು ಇದೆ ಅಂತ ಗೊತ್ತಾಯಿತು. ಆ ಗೆರೆಗಳು ನಿಜವಾಗಿ ವರ್ಷಕ್ಕೊಂದೇ ಅಂತ ಖಚಿತ ಮಾಡಿಕೊಂಡ ರೀತಿ ನನಗೆ ಬಹಳ ಇಷ್ಟ. 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಒಮ್ಮೆಲೇ ಏರಿತ್ತು. ಅದೇ ಏರಿಕೆ ಕಿವಿಕಲ್ಲಿನ ಪದರಗಳಲ್ಲೂ ಉಳಿದುಬಿಡುತ್ತದೆ. ಅದು ಯಾವ ಪದರದಲ್ಲಿದೆ ಅಂತ ನೋಡಿದರೆ ನಮ್ಮ ಎಣಿಕೆ ಸರಿಯೋ ತಪ್ಪೋ ತಿಳಿಯುತ್ತದೆ.

ವಯಸ್ಸು ತಪ್ಪಾದರೆ ಏನು ಮಹಾ ಅಂತ ಕೇಳುವವರಿದ್ದಾರೆ. ನೋಡಿ, 10 ವರ್ಷ ಬದುಕುವ ಮೀನಾದರೆ ಯಾರೂ ಹಿಡಿಯದೇ ಬಿಟ್ಟರೂ ವರ್ಷಕ್ಕೆ ಸುಮಾರು ಮೂರರಲ್ಲಿ ಒಂದು ಸಾಯುತ್ತದೆ. ಅಷ್ಟು ಬೇಗ ಸಾಯುವ ಮೀನು ಅಷ್ಟೇ ಬೇಗ ತುಂಬಿಕೊಳ್ಳುತ್ತದೆ ಅಂದುಕೊಂಡು ಹಿಡಿಯುವ ಮಿತಿಯನ್ನು ಧಾರಾಳವಾಗಿ ಇಡುತ್ತೇವೆ. ಅದೇ 30 ವರ್ಷ ಬದುಕುವುದಾದರೆ ವರ್ಷಕ್ಕೆ ಸಾಯುವುದು ಎಂಟರಲ್ಲಿ ಒಂದರಷ್ಟು. ಅದಕ್ಕೆ ಅದೇ ಮಿತಿ ಇಟ್ಟರೆ ಮೂಲ ಬಂಡವಾಳವನ್ನೇ ತಿಂದಂತೆ. ನಮ್ಮಲ್ಲಿ ಮಿತಿ ಇದ್ದದ್ದು ಹತ್ತು ವರ್ಷದ ಲೆಕ್ಕಕ್ಕೆ, ಅದನ್ನು ಶಿಫಾರಸು ಮಾಡಿದ ವರದಿಯಲ್ಲಿ ನನ್ನ ಸಹಿಯೂ ಇತ್ತು.

ಕೊಯ್ದು ನೋಡಿದ ಮೀನುಗಳಲ್ಲಿ ವಯಸ್ಸಿನಲ್ಲಿ ಅತಿ ಚಿಕ್ಕದಕ್ಕೇ 11 ವರ್ಷ. ಅಂದರೆ ಅಷ್ಟು ವರ್ಷದಿಂದ ಒಂದು ಮರಿಯೂ ಉಳಿದು ದೊಡ್ಡದಾಗಿರಲಿಲ್ಲ. ಹುಟ್ಟಿದ ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದೆ. ಅಣೆಕಟ್ಟಿನ ನೀರಿನ ಮಟ್ಟದ ರಿಜಿಸ್ಟರ್ ತರಿಸಿ ಪಕ್ಕದಲ್ಲಿಟ್ಟೆ. ಈ ಮೀನು ದಡದಲ್ಲಿ ಮುಳುಗಿದ ಹುಲ್ಲಿಗೆ ಮೊಟ್ಟೆ ಅಂಟಿಸುತ್ತದೆ. ಮಟ್ಟ ಏರಿ ಒಂದಷ್ಟು ವಾರ ನಿಂತ ವರ್ಷಗಳಲ್ಲಿ ಹುಟ್ಟಿದ ಮೀನುಗಳು ಇದ್ದವು. ಏರಿದ ಹಿಂದೆಯೇ ಸರ್ರನೆ ಇಳಿದ ವರ್ಷಗಳದು ಒಂದೂ ಇರಲಿಲ್ಲ. ಹನ್ನೊಂದು ವರ್ಷದಿಂದ ನೀರು ಬಿಡುವ ಪದ್ಧತಿಯೇ ಬದಲಾಗಿತ್ತು. ಮೊಟ್ಟೆಗಳು ಹುಲ್ಲಿನ ಮೇಲೇ ಒಣಗುತ್ತಿದ್ದವು. ಮುಂದಿನ ಸಲ ನೀರು ಇಳಿದಾಗ ಹೋಗಿ ನೋಡಿದೆ. ಹುಲ್ಲಿನ ಎಳೆಗಳಲ್ಲಿ ಸಣ್ಣ ಹಳದಿ ಮಣಿಗಳು, ಬಿಸಿಲಿಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದವು.

ಹಿಡಿಯುವ ಮಿತಿ ಇಳಿಸಿದೆವು. ಅದು ನಮ್ಮ ಕೈಯಲ್ಲಿದ್ದದ್ದು, ಬೇಗ ಆಯಿತು. ನೀರಿನದು ಹಾಗಲ್ಲ. ಗೇಟು ನೋಡಿಕೊಳ್ಳುವ ಎಂಜಿನಿಯರ್‌ಗಳ ಜೊತೆ ಎರಡು ವರ್ಷ ಸಭೆ ನಡೆಯಿತು. ಅವರಿಗೆ ಅವರ ಕಷ್ಟ, ಹೊಲಗಳಿಗೆ ನೀರು ಕೊಡಬೇಕು, ಪ್ರವಾಹಕ್ಕೆ ಜಾಗ ಇಟ್ಟುಕೊಳ್ಳಬೇಕು. ನಾನು ಚಾರ್ಟು, ಗ್ರಾಫು ಏನೆಲ್ಲ ತೋರಿಸಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಒಣಗಿದ ಮೊಟ್ಟೆ ಅಂಟಿದ ಒಂದು ಹಿಡಿ ಹುಲ್ಲು, ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ. ಅದನ್ನು ಮೇಜಿನ ಮೇಲೆ ಇಟ್ಟ ದಿನ ಒಬ್ಬರು ಕೇಳಿದರು, "ಎಷ್ಟು ದಿನ ನಿಲ್ಲಿಸಿದರೆ ಸಾಕು ಹೇಳಿ." ಮೂರು ವಾರ ಅಂದೆ. ಮೊಟ್ಟೆ ಒಡೆಯಲು ಕೆಲವೇ ದಿನ ಸಾಕು, ಆದರೆ ಮರಿ ಈಜಿ ಆಳಕ್ಕೆ ಹೋಗುವವರೆಗೆ ಹುಲ್ಲಿನ ಮರೆ ಬೇಕು.

ಮೊದಲ ವರ್ಷ ಮಳೆಯೇ ಸರಿಯಾಗಲಿಲ್ಲ, ನಿಲ್ಲಿಸಲು ನೀರೇ ಇರಲಿಲ್ಲ. ಎರಡನೇ ವರ್ಷ ಮೂರು ವಾರ ನಿಲ್ಲಿಸಿದರು. ಅದಾಗಿ ಎರಡು ತಿಂಗಳಿಗೆ ದಡದಲ್ಲಿ ಎಳೆಬಲೆ ಎಳೆದೆವು. ಮೊದಲ ಎರಡು ಎಳೆತದಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ ಕಸಕಡ್ಡಿಯ ನಡುವೆ ಬೆರಳುದ್ದದ ಏಳು ಮರಿಗಳು ಮಿಣಮಿಣ ಅನ್ನುತ್ತಿದ್ದವು. ಒಂದನ್ನು ಒದ್ದೆ ಅಂಗೈಯಲ್ಲಿ ತೆಗೆದುಕೊಂಡು ಆ ಹಿರಿಯರ ಹತ್ತಿರ ಹೋದೆ. ಅವರು ಬಾಗಿ ನೋಡಿದರು, ಬಾಲದ ಬುಡವನ್ನು ಬೆರಳಲ್ಲಿ ತೋರಿಸಿ, "ಹೌದು ಸರ್, ಅದೇ" ಅಂದರು. ಅಳೆಯದೆಯೇ ಅದನ್ನು ನೀರಿಗೆ ಬಿಟ್ಟೆ. ಉಳಿದ ಆರನ್ನು ಅಳೆದು ಬರೆದುಕೊಂಡೆ.