ಎರಡನೇ ಎಂಜಿನ್ ನಿಂತಲ್ಲೇ ತಿನ್ನುತ್ತೆ

ಶಿವಮೊಗ್ಗ ಹತ್ತಿರದ ಸೊಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಿಗೆ ಬಂದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಈ ಸಲ ಕೇಳಿದ್ದು ಚಿಕ್ಕಪ್ಪ. ತೀರ್ಥಹಳ್ಳಿ ಹತ್ತಿರದ ನಮ್ಮನೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. "ಅಲ್ಲ ಮಾರಾಯ, ಅಮೆರಿಕದಲ್ಲಿ ನಿಂದೇ ವಿಮಾನ ಇತ್ತಲ್ಲ, ಎರಡು ಎಂಜಿನ್ನಿಂದು. ಎಂತಕ್ಕೆ ಮಾರಿದ್ದು?"

ವಿಮಾನ ಅಂದರೆ ದೊಡ್ಡದೇನಲ್ಲ. ಟೆಕ್ಸಾಸ್‌ನಲ್ಲಿ ಕೆಲಸಕ್ಕಿದ್ದಾಗ ಮೊದಲು ಕೊಂಡದ್ದು 1966ರ ಪೈಪರ್ ಚೆರೋಕಿ 180. ಒಂದೇ ಎಂಜಿನ್, ನಾಲ್ಕು ಸೀಟು, 38,000 ಡಾಲರ್. ಐದು ವರ್ಷದ ನಂತರ ಅದನ್ನು ಮಾರಿ 1965ರ ಟ್ವಿನ್ ಕಮ್ಯಾಂಚಿ ತಂದೆ. 62,000 ಡಾಲರ್. ಎರಡು ಎಂಜಿನ್, ಒಳಗೆ ಮಡಚಿಕೊಳ್ಳುವ ಚಕ್ರ, ಇಷ್ಟು ಕಡಿಮೆಗಾ ಅಂತ ಹಿಗ್ಗಿದ್ದೇ ಹಿಗ್ಗಿದ್ದು. ಯಾಕೆ ಕಡಿಮೆಗೆ ಕೊಡ್ತಿದ್ದಾರೆ ಅಂತ ಯೋಚನೆ ಬರಲೇ ಇಲ್ಲ.

"ಪೆಟ್ರೋಲ್ ಎರಡು ಪಟ್ಟು ಕುಡೀತಿತ್ತಾ?" ಅಂದರು ಚಿಕ್ಕಪ್ಪ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಿಜ ಬೇರೆ. ಚೆರೋಕಿಗೆ ಗಂಟೆಗೆ 10 ಗ್ಯಾಲನ್, ಟ್ವಿನ್‌ಗೆ ಹದಿನಾರೂವರೆ. ಆದರೆ ಟ್ವಿನ್ ಜೋರಾಗಿ ಹೋಗುತ್ತೆ. 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 555 ಕಿಲೋಮೀಟರಿಗೆ, ಚೆರೋಕಿ ಎರಡೂವರೆ ಗಂಟೆ ದಾಟಿಸಿ 26 ಗ್ಯಾಲನ್ ಸುಡುತ್ತಿತ್ತು. ಟ್ವಿನ್ ಎರಡು ಗಂಟೆಯೊಳಗೆ ಮುಟ್ಟಿಸಿ 31 ಗ್ಯಾಲನ್. ಐದು ಗ್ಯಾಲನ್ ವ್ಯತ್ಯಾಸಕ್ಕೆ ಯಾರೂ ವಿಮಾನ ಮಾರುವುದಿಲ್ಲ.

ಪೆಟ್ಟು ಬಿದ್ದದ್ದು ಬೇರೆ ಕಡೆ. ಅಲ್ಲಿ ವರ್ಷಕ್ಕೊಮ್ಮೆ ವಿಮಾನ ಬಿಚ್ಚಿ ತಪಾಸಣೆ ಮಾಡಿಸಲೇಬೇಕು. ಖರ್ಚು ಉಳಿಸೋಣ ಅಂತ ನಾನೂ ಮೆಕ್ಯಾನಿಕ್ ಜೊತೆ ಕೈಹಾಕುತ್ತಿದ್ದೆ. ಒಂದೊಂದೇ ಸಿಲಿಂಡರ್‌ಗೆ 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡದಲ್ಲಿ ಗಾಳಿ ಬಿಟ್ಟು ಎಷ್ಟು ನಿಲ್ಲುತ್ತೆ ಅಂತ ನೋಡುತ್ತಾರೆ. ಆಗ ಪ್ರೊಪೆಲ್ಲರ್ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ತಟ್ಟನೆ ತಿರುಗಿ ಕೈ ಮುರಿದೀತು. ಎಡಗಡೆ ಎಂಜಿನ್‌ನ ಮೂರನೇ ಸಿಲಿಂಡರ್ 48ಕ್ಕೆ ನಿಂತಿತು. ಮೆಕ್ಯಾನಿಕ್ ಏನೂ ಹೇಳಲಿಲ್ಲ. ಸೈಲೆನ್ಸರ್ ಬಾಯಿಗೆ ಕಿವಿ ಇಟ್ಟುಕೊಂಡ. ಆಮೇಲೆ ನನ್ನನ್ನೂ ಕರೆದು ಕೇಳಿಸಿದ. ಹಾವು ಬುಸುಗುಟ್ಟಿದ ಹಾಗೆ ಸಣ್ಣ ಸದ್ದು. ಎಕ್ಸಾಸ್ಟ್ ವಾಲ್ವ್, ಅಂದರೆ ಹೊಗೆ ಹೊರಗೆ ಬಿಡುವ ಕವಾಟ, ಸೋರುತ್ತಿತ್ತು. ಎಣ್ಣೆ ಹಾಕುವ ಮೂತಿಯಿಂದ ಸದ್ದು ಬಂದಿದ್ದರೆ ಪಿಸ್ಟನ್ ರಿಂಗ್ ಹೋಗಿದೆ ಅಂತ ಲೆಕ್ಕ. ಚೆರೋಕಿಯಲ್ಲಿ ಈ ಪರೀಕ್ಷೆ ನಾಲ್ಕು ಸಲ ಮುಗಿಯುತ್ತಿತ್ತು. ಇಲ್ಲಿ ಎಂಟು ಸಲ, ಪ್ರತಿ ಸಲವೂ ಎದೆ ಢವಢವ.

ಆಮೇಲೆ ಹೀಟರ್. ಒಂಟಿ ಎಂಜಿನ್ ವಿಮಾನದಲ್ಲಿ ಎಕ್ಸಾಸ್ಟ್ ಬಿಸಿಯಿಂದಲೇ ಒಳಗೆ ಬೆಚ್ಚಗಾಗುತ್ತೆ, ಪುಕ್ಕಟೆ. ಟ್ವಿನ್‌ನ ಮೂಗಿನಲ್ಲಿ ಪೆಟ್ರೋಲ್ ಸುಡುವ ಪ್ರತ್ಯೇಕ ಹೀಟರ್ ಇರುತ್ತೆ. ಅದಕ್ಕೂ ತಪಾಸಣೆ, ಅದಕ್ಕೂ ಬಿಲ್ಲು. ಟೆಕ್ಸಾಸ್ ಸೆಕೆಯಲ್ಲಿ ಅದನ್ನು ಹಚ್ಚಿದ್ದು ಎಷ್ಟು ದಿನ ಅಂತ ಕೇಳಬೇಡಿ.

ಚಿಕ್ಕಪ್ಪನಿಗೆ ಲೆಕ್ಕದ ಪುಸ್ತಕ ತೋರಿಸಿದೆ. ಇನ್ಶೂರೆನ್ಸ್, ಹ್ಯಾಂಗರ್ ಬಾಡಿಗೆ, ತಪಾಸಣೆ, ಈ ಮೂರೇ ಸೇರಿಸಿದರೆ ಚೆರೋಕಿಗೆ ವರ್ಷಕ್ಕೆ 5,500 ಡಾಲರ್, ಟ್ವಿನ್‌ಗೆ 12,400. ಒಂದು ನಿಮಿಷ ಹಾರದಿದ್ದರೂ ಇಷ್ಟು. ನಾನು ಹಾರುತ್ತಿದ್ದದ್ದು ವರ್ಷಕ್ಕೆ 60 ಗಂಟೆ.

"ಕೊಳೆರೋಗದ ಔಷಧಿ ಇದ್ದ ಹಾಗೆ," ಅಂದರು. "ಅಡಿಕೆಗೆ ರೇಟ್ ಇರಲಿ ಬಿಡಲಿ, ಹೊಡೀಲೇಬೇಕು."

ಹಾರದೆ ನಿಲ್ಲಿಸಿದರೆ ಇನ್ನೂ ಕಷ್ಟ. ಇವುಗಳಲ್ಲಿದ್ದ ಲೈಕಮಿಂಗ್ ಕಂಪನಿಯ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್ ತೆರೆಸುವ ದಂಡ, ಮೇಲ್ಗಡೆ ಇರುತ್ತೆ. ವಾರಗಟ್ಟಲೆ ನಿಂತರೆ ಅದರ ಮೇಲಿನ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಕತ್ತಿಗೆ ಹಿಡಿಯುತ್ತಲ್ಲ, ಹಾಗೆ.

"ಒಂದು ಕೆಟ್ಟರೆ ಇನ್ನೊಂದು ಇರುತ್ತಲ್ಲ?" ಎಂದರು. ಇರುತ್ತೆ. ಆದರೆ ಒಂದು ನಿಂತರೆ ಶಕ್ತಿ ಅರ್ಧ ಹೋದರೂ ಮೇಲೇರುವ ತಾಕತ್ತು ಮುಕ್ಕಾಲಿಗಿಂತ ಜಾಸ್ತಿ ಹೋಗುತ್ತೆ. ವೇಗ ತೀರಾ ಕಡಿಮೆಯಾಗಲು ಬಿಟ್ಟರೆ ಚಾಲೂ ಇರುವ ಎಂಜಿನ್ನೇ ವಿಮಾನವನ್ನು ಮಗುಚಿಬಿಡುತ್ತೆ. ಅದಕ್ಕೆ ಪದೇ ಪದೇ ಅಭ್ಯಾಸ ಬೇಕು, ಅದೂ ದುಡ್ಡೇ. ತಿಂಗಳಿಗೆ ಐದು ಗಂಟೆ ಹಾರುವ ನನ್ನಂಥವನಿಗೆ ಚೆರೋಕಿಯೇ ಸಾಕಿತ್ತು. ವಾರಕ್ಕೆರಡು ಸಲ ರಾತ್ರಿಯೋ ನೀರಿನ ಮೇಲೋ ಹೋಗುವವರ ಮಾತು ಬೇರೆ.

ಮೂರನೇ ವರ್ಷ 51,000 ಡಾಲರ್‌ಗೆ ಕೊಟ್ಟುಬಿಟ್ಟೆ. ಕೊಳ್ಳಲು ಬಂದವನೂ ನನ್ನ ಹಾಗೇ, ಬೆಲೆ ಕೇಳಿ ಹಿಗ್ಗಿದ್ದ. ತಪಾಸಣೆಯ ಬಿಲ್ಲುಗಳ ಕಟ್ಟು ಕೊಟ್ಟೆ. ಬಿಚ್ಚಿಯೂ ನೋಡಲಿಲ್ಲ, ನೇರ ಹೋಗಿ ಸೀಟಲ್ಲಿ ಕೂತ.