ಹಸುವಿನ ಹೊಟ್ಟೆಯಲ್ಲಿದ್ದ ಕರು

ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಶಿಕ್ಷಕಿ. ಚಿತ್ರ ಬರೆಯಿರಿ ಎಂದರೆ ಮಕ್ಕಳೆಲ್ಲ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಪಕ್ಕದಲ್ಲೊಂದು ತೆಂಗಿನಮರ ಬರೆದು ತರುತ್ತಿದ್ದರು. ಸುತ್ತ ಅಡಿಕೆ ತೋಟವಿದ್ದರೂ ತೆಂಗಿನಮರವೇ. ಅದನ್ನು ಬೋರ್ಡಿನ ಮೇಲೆ ಬರೆದು ಕಲಿಸಿದವಳು ನಾನೇ.

ಎರಡನೇ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಹಸುವನ್ನು ಬರೆದು ತಂದಳು. ಹೊಟ್ಟೆಯೊಳಗೆ ಏನೋ ಗೀಚಿದಂತಿತ್ತು. ರಬ್ಬರ್ ತೆಗೆದುಕೊಂಡು ಅಳಿಸಿದೆ, ಕೋಡನ್ನೂ ತಿದ್ದಿಕೊಟ್ಟೆ. ಅವಳ ಕಣ್ಣು ತುಂಬಿತು. “ಅದು ಕರು, ಟೀಚರ್. ನಮ್ಮ ಮನೆಯ ಹಸು ಗಬ್ಬವಾಗಿದೆ.”

ಆ ವಯಸ್ಸಿನ ಮಕ್ಕಳು ಕಣ್ಣಿಗೆ ಕಂಡದ್ದಕ್ಕಿಂತ ತಮಗೆ ಗೊತ್ತಿರುವುದನ್ನು ಬರೆಯುತ್ತಾರೆ. ತರಬೇತಿಯಲ್ಲಿ ಇದನ್ನು ಓದಿದ್ದೆ. ಕೈಯಲ್ಲಿ ರಬ್ಬರ್ ಇದ್ದಾಗ ನೆನಪಾಗಲಿಲ್ಲ. ಮುಂದೆ ಎರಡು ತಿಂಗಳು ಅವಳು ಖಾಲಿ ಹಾಳೆಯನ್ನು ನನ್ನ ಮುಂದಿಟ್ಟು, “ನನಗೆ ಬರುವುದಿಲ್ಲ, ನೀವೇ ಬರೆದುಕೊಡಿ” ಎನ್ನುತ್ತಿದ್ದಳು.

ಅಂದಿನಿಂದ ಮಕ್ಕಳ ಹಾಳೆಯ ಮೇಲೆ ಕೈ ಇಡುವುದನ್ನು ಬಿಟ್ಟೆ. ತೋರಿಸಲೇಬೇಕಾದರೆ ನನ್ನದೇ ಹಾಳೆಯಲ್ಲಿ ತೋರಿಸುತ್ತೇನೆ. ‘ಚೆನ್ನಾಗಿದೆ’ ಎಂದು ತಲೆ ಸವರಿ ಮುಂದೆ ಹೋಗುವ ಬದಲು ಪಕ್ಕದಲ್ಲಿ ಕುಳಿತು, “ಇಲ್ಲಿ ಏನಾಗುತ್ತಿದೆ, ಹೇಳು” ಎಂದು ಕೇಳುತ್ತೇನೆ. ಕೆಲವರು ಹತ್ತು ನಿಮಿಷ ಹೇಳುತ್ತಾರೆ. ಅಂಕ ಹಾಕುವುದನ್ನೂ ನಿಲ್ಲಿಸಿದೆ.

ಅವಳ ಕೈ ಮತ್ತೆ ಆಡಿದ್ದು ಭೂಮಿ ಹುಣ್ಣಿಮೆ ಹಬ್ಬದ ಹೊತ್ತಿಗೆ. ನಮ್ಮ ಕಡೆಯ ಜನಪದ ಚಿತ್ರಕಲೆಯಾದ ಹಸೆ ಚಿತ್ತಾರ ಬರೆಯುವ, ದೀವರ ಸಮುದಾಯದ ಅಜ್ಜಿಯೊಬ್ಬರನ್ನು ಶಾಲೆಗೆ ಕರೆದಿದ್ದೆ. ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ, ಕೆಮ್ಮಣ್ಣು ಬಳಿದ ಬುಟ್ಟಿ, ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ. ಪೆನ್ಸಿಲ್ ಇಲ್ಲ, ಅಳಿಸುವ ಮಾತೂ ಇಲ್ಲ. ಒಬ್ಬ ಹುಡುಗನ ಗೆರೆ ಸೊಟ್ಟಗಾದಾಗ ಅಜ್ಜಿ, “ಇರಲಿ ಮಗಾ, ಪಕ್ಕದಲ್ಲಿ ಇನ್ನೊಂದು ಎಳೆ” ಎಂದರು. ಎರಡು ಗೆರೆ ಸೇರಿದಾಗ ಸೊಟ್ಟ ಕಾಣಲಿಲ್ಲ. ಆಗ ಈ ಹುಡುಗಿ ತಾನಾಗಿಯೇ ಕುಂಚ ತೆಗೆದುಕೊಂಡಳು. ಭತ್ತದ ಸಸಿಗಳ ನಡುವೆ ಹಸು ನಿಂತಿತು. ಹೊಟ್ಟೆಯಲ್ಲಿ ನಾಲ್ಕು ಪುಟ್ಟ ಕಾಲು.

ಚಿತ್ತಾರದಲ್ಲಿ ಇಂಥದ್ದು ಇರುವುದಿಲ್ಲ. ಅಜ್ಜಿ ಏನೆನ್ನುವರೋ ಎಂದು ನನಗೇ ಅಳುಕು. ಅವರು ಬುಟ್ಟಿಯನ್ನು ಬೆಳಕಿಗೆ ತಿರುಗಿಸಿ ನೋಡಿ, “ಬಸುರಿ ಭೂಮಿಗೆ ಉಣ್ಣಿಸುವ ಹಬ್ಬವಲ್ಲವೇ? ಇರಲಿ” ಎಂದು ಒಣಗಲು ಇಟ್ಟರು.