ಬಂದವರು ಮತ್ತೆ ಬರಬೇಕಾದರೆ: ನಂಟಿನಿಂದ ವ್ಯಾಪಾರ ಬೆಳೆಸುವುದು ಹೀಗೆ

ಸಣ್ಣದಾಗಿ ವ್ಯಾಪಾರ ಶುರು ಮಾಡಿದವರು ಸಿಕ್ಕಾಗಲೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ. ‘ಹೊಸ ಗಿರಾಕಿಗಳನ್ನು ಹಿಡಿಯುವುದು ಹೇಗೆ?’ ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ‘ಹೋದ ತಿಂಗಳು ನಿಮ್ಮ ಹತ್ತಿರ ಕೊಂಡವರಲ್ಲಿ ಐದು ಜನರ ಹೆಸರು ಹೇಳಿ.’ ಹೆಚ್ಚಿನವರು ಎರಡು ಹೆಸರಿಗೇ ತಡವರಿಸುತ್ತಾರೆ.

ಜಾಹೀರಾತಿಗೆ ದುಡ್ಡು ಸುರಿದು ಜನರನ್ನು ಕರೆತರುತ್ತೇವೆ. ಅವರು ಒಮ್ಮೆ ಕೊಂಡು ಹೋಗುತ್ತಾರೆ. ಯಾಕೆ ಬಂದರು, ಯಾಕೆ ಮತ್ತೆ ಬರಲಿಲ್ಲ ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ಮುಂದಿನ ತಿಂಗಳು ಮತ್ತೆ ದುಡ್ಡು ಸುರಿಯಬೇಕು. ತೂತು ಕೊಡಕ್ಕೆ ನೀರು ಹೊಯ್ದ ಹಾಗೆ, ಅಲ್ವಾ?

ಇದಕ್ಕೆ ಬೇರೆ ದಾರಿ ಇದೆ. ಅಮೆರಿಕದ ಪ್ರಾಧ್ಯಾಪಕ ಲಿಯೊನಾರ್ಡ್ ಬೆರ್ರಿ 1983ರಲ್ಲಿ ಅದನ್ನು ‘ರಿಲೇಶನ್‌ಶಿಪ್ ಮಾರ್ಕೆಟಿಂಗ್’ ಎಂದು ಕರೆದರು. ಗಿರಾಕಿಯನ್ನು ಸೆಳೆಯುವುದು ಬರೀ ಮೊದಲ ಹೆಜ್ಜೆ, ಉಳಿಸಿಕೊಂಡು ನಂಟು ಬೆಳೆಸುವುದೂ ಮಾರ್ಕೆಟಿಂಗ್ ಕೆಲಸವೇ ಎಂದರು. ಇದಕ್ಕೆ ದೊಡ್ಡ ಬಂಡವಾಳ ಬೇಡ. ಜನರನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಬೇಕು. ನೆನಪಿನ ಶಕ್ತಿ ಕಡಿಮೆ ಇದ್ದರೆ ಚಿಂತೆಯಿಲ್ಲ, ನೋಟ್‌ಬುಕ್ ಇದೆ.

ಹಂತ 1: ಪಟ್ಟಿ ಬರೆಯಿರಿ

ಸಾಫ್ಟ್‌ವೇರ್ ಆಮೇಲೆ ನೋಡೋಣ. ಈಗ ಒಂದು ನೋಟ್‌ಬುಕ್ ತೆಗೆದುಕೊಂಡು ಇಲ್ಲಿಯವರೆಗೆ ನಿಮ್ಮಿಂದ ಕೊಂಡವರ ಹೆಸರುಗಳನ್ನು ಬರೆಯಿರಿ. ಹಳೆಯ ಬಿಲ್, ಮೊಬೈಲ್‌ನಲ್ಲಿರುವ ಮೆಸೇಜ್, ಬ್ಯಾಂಕಿನ ಲೆಕ್ಕ, ಎಲ್ಲ ಕಡೆ ಹುಡುಕಿ. ಪ್ರತಿ ಹೆಸರಿನ ಮುಂದೆ ಮೂರು ಕಾಲಂ ಇರಲಿ: ಕೊನೆಯ ಸಲ ಕೊಂಡಿದ್ದು ಯಾವಾಗ, ಒಟ್ಟು ಎಷ್ಟು ಸಲ ಕೊಂಡಿದ್ದಾರೆ, ಒಟ್ಟು ಎಷ್ಟು ಹಣ ಕೊಟ್ಟಿದ್ದಾರೆ. ಇದು ಹಳೆಯ ಲೆಕ್ಕ. ಅಂಚೆಯಲ್ಲಿ ಕ್ಯಾಟಲಾಗ್ ಕಳಿಸಿ ಮಾರುತ್ತಿದ್ದ ಕಂಪನಿಗಳು ಇದನ್ನೇ ನೆಚ್ಚಿಕೊಂಡಿದ್ದವು. ಈಚೆಗೆ ಕೊಂಡವರು, ಪದೇ ಪದೇ ಕೊಂಡವರು ಮತ್ತೆ ಕೊಳ್ಳುವ ಸಾಧ್ಯತೆ ಜಾಸ್ತಿ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು.

ನಾನು ನಾಲ್ಕನೇ ಕಾಲಂ ಒಂದನ್ನು ಸೇರಿಸುತ್ತೇನೆ. ‘ಅವರು ಹೇಳಿದ ಒಂದು ಮಾತು.’ ‘ಮಗಳು ಕಾಲೇಜು ಸೇರಿದ್ದಾಳೆ’, ‘ಎಡಗೈಯಲ್ಲಿ ಕೆಲಸ ಮಾಡುತ್ತಾರೆ’, ‘ಫೋನ್ ಮಾಡಿದರೆ ಇಷ್ಟವಿಲ್ಲ, ಮೆಸೇಜ್ ಸಾಕು’. ಇಷ್ಟೇ. ಉಳಿದ ಮೂರು ಕಾಲಂ ಯಾವ ಕಂಪ್ಯೂಟರ್ ಬೇಕಾದರೂ ತುಂಬುತ್ತದೆ. ಇದನ್ನು ತುಂಬಲು ಕಿವಿ ಕೊಟ್ಟು ಕೇಳಿದವರೇ ಬೇಕು.

ಪಟ್ಟಿ ಮುಗಿದಾಗ ಜನ ತಾವಾಗಿಯೇ ಮೂರು ಗುಂಪಾಗುತ್ತಾರೆ. ಮತ್ತೆ ಮತ್ತೆ ಬರುವವರು, ಒಂದೇ ಸಲ ಬಂದವರು, ಮೊದಲು ಬರುತ್ತಿದ್ದು ಈಗ ನಿಲ್ಲಿಸಿದವರು. ಮೂರನೇ ಗುಂಪನ್ನು ಕಂಡರೆ ಎಲ್ಲರೂ ಬೇಜಾರಿನಿಂದ ಪುಟ ತಿರುಗಿಸುತ್ತಾರೆ. ದಯವಿಟ್ಟು ತಿರುಗಿಸಬೇಡಿ. ನಿಮ್ಮ ವ್ಯಾಪಾರದಲ್ಲಿ ಎಲ್ಲಿ ಎಡವಟ್ಟಾಗಿದೆ ಎಂದು ಸರಿಯಾಗಿ ಹೇಳಬಲ್ಲವರು ಅವರು ಮಾತ್ರ.

ಹಂತ 2: ಹತ್ತು ಜನರ ಜೊತೆ ಮಾತಾಡಿ

ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನನಗೆ ಪರಿಚಯದ ಒಬ್ಬರು ಬಟ್ಟೆಯ ಚೀಲ ಹೊಲಿದು ಮಾರುತ್ತಾರೆ. ಗಿರಾಕಿಗಳ ಅಭಿಪ್ರಾಯ ತಿಳಿಯೋಣ ಎಂದು ಒಮ್ಮೆ ಕೇಳುತ್ತಾ ಹೋದರು. ‘ನಮ್ಮ ಚೀಲ ಹೇಗಿದೆ?’ ‘ತುಂಬಾ ಚೆನ್ನಾಗಿದೆ.’ ‘ಇನ್ನೊಂದು ಜೇಬು ಇಟ್ಟರೆ ತಗೋತೀರಾ?’ ‘ಓ, ಖಂಡಿತ.’ ಇವರು ಖುಷಿಯಿಂದ ಜೇಬು ಇಟ್ಟು ಒಂದು ರಾಶಿ ಚೀಲ ಹೊಲಿದರು. ಖಂಡಿತ ಎಂದವರು ಯಾರೂ ಕೊಳ್ಳಲಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ. ಎದುರಿಗೆ ಇರುವವರ ಮನಸ್ಸು ನೋಯಿಸಬಾರದು ಎಂದು ಒಳ್ಳೆಯ ಮಾತು ಹೇಳಿದ್ದರು. ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರೆ ಯಾರಾದರೂ ಸುಮ್ನೆ ಊಹೆ ಹೇಳುತ್ತಾರೆ. ಹಿಂದೆ ಏನು ಮಾಡಿದಿರಿ ಎಂದು ಕೇಳಿದರೆ ನಡೆದದ್ದನ್ನು ಹೇಳುತ್ತಾರೆ.

ಎರಡನೇ ಸಲ ಅವರು ಪ್ರಶ್ನೆ ಬದಲಾಯಿಸಿದರು. ‘ನೀವು ಕೊನೆಯ ಸಲ ಚೀಲ ಕೊಂಡಿದ್ದು ಯಾವಾಗ? ಅವತ್ತು ಏನಾಗಿತ್ತು?’ ಒಬ್ಬಾಕೆ ಹೇಳಿದ್ದು ಹೀಗೆ: ‘ಬಸ್ಸು ಇಳಿಯುವಾಗ ಜಿಪ್ ಕಿತ್ತುಹೋಯ್ತು. ಪುಸ್ತಕ, ಬೀಗದ ಕೈ, ಎಲ್ಲ ರಸ್ತೆ ಮೇಲೆ. ತುಂಬಾ ನಾಚಿಕೆ ಆಯ್ತು. ಅವತ್ತು ಸಂಜೆಯೇ ಕಣ್ಣಿಗೆ ಬಿದ್ದ ಮೊದಲ ಚೀಲ ತಗೊಂಡೆ.’ ಮುಂದಿನ ಕೆಲವರ ಮಾತಿನಲ್ಲೂ ಜಿಪ್ ಬಂತು. ಜೇಬಿನ ಮಾತು ಒಬ್ಬರೂ ಎತ್ತಲಿಲ್ಲ.

ಅವರು ಚೀಲದ ವಿನ್ಯಾಸ ಮುಟ್ಟಲಿಲ್ಲ. ಗಟ್ಟಿ ಜಿಪ್ ಹಾಕಿದರು. ಕಿತ್ತುಹೋದರೆ ತಾವೇ ಬದಲಾಯಿಸಿ ಕೊಡುವುದಾಗಿ ಚೀಟಿ ಬರೆದು ಪ್ರತಿ ಚೀಲದ ಒಳಗೆ ಇಟ್ಟರು. ಜಿಪ್ ಬದಲಾಯಿಸಲು ಬಂದವರಲ್ಲಿ ಎಷ್ಟೋ ಮಂದಿ ಇನ್ನೊಂದು ಚೀಲ ಕೊಂಡು ಹೋಗುತ್ತಾರೆ.

ನೀವು ಕೇಳಬೇಕಾದ್ದು ಹೆಚ್ಚೇನಿಲ್ಲ. ‘ನಮ್ಮ ಹತ್ತಿರ ಬರುವ ಮೊದಲು ಈ ಕೆಲಸವನ್ನು ಹೇಗೆ ಮಾಡಿಕೊಳ್ಳುತ್ತಿದ್ದಿರಿ?’ ‘ಕೊಳ್ಳಲು ಹೊರಟ ದಿನ ಏನಾಗಿತ್ತು?’ ‘ಇನ್ನೇನು ಕೊಳ್ಳಬೇಕು ಎನ್ನುವಾಗ ಏನು ಅನುಮಾನ ಬಂತು?’ ಕೊನೆಗೆ, ‘ನಾನು ಕೇಳಬೇಕಿತ್ತು, ಕೇಳಲಿಲ್ಲ ಅನ್ನುವಂಥದ್ದು ಏನಾದರೂ ಇದೆಯಾ?’ ಕೇಳಿ ಸುಮ್ಮನಿರಿ. ಆ ಮೌನ ತುಂಬಲು ನೀವು ಬಾಯಿ ಹಾಕಬೇಡಿ. ಬೇಕಾದ ಮಾತು ಬಹಳ ಸಲ ಆ ಮೌನದ ಆಚೆ ಬರುತ್ತದೆ. ಮಾತಾಡುವ ದಿನ ಏನನ್ನೂ ಮಾರಲು ಹೋಗಬೇಡಿ. ಮಾರಲು ಬಂದಿದ್ದಾರೆ ಅನ್ನಿಸಿದ ಕೂಡಲೇ ಜನ ಬಾಗಿಲು ಹಾಕಿಕೊಳ್ಳುತ್ತಾರೆ.

ಮಾತು ಮುಗಿದ ಮೇಲೆ ಒಂದು ಪ್ರಶ್ನೆ ನಿಮಗೆ ನೀವೇ ಹಾಕಿಕೊಳ್ಳಿ: ನಾನು ನಿಜವಾಗಿ ಮಾರುತ್ತಿರುವುದು ಏನು? ಹಾರ್ವರ್ಡ್‌ನ ಥಿಯೊಡೋರ್ ಲೆವಿಟ್ 1960ರಲ್ಲೇ ಇದನ್ನು ಎತ್ತಿದ್ದರು. ಅವರು ಕೊಟ್ಟ ಉದಾಹರಣೆ ಅಮೆರಿಕದ ರೈಲ್ವೆ ಕಂಪನಿಗಳದ್ದು. ನಮ್ಮದು ರೈಲಿನ ವ್ಯಾಪಾರ ಎಂದು ಅವು ತಿಳಿದುಕೊಂಡವು. ಜನರಿಗೆ ಬೇಕಿದ್ದದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು. ಕಾರು, ಲಾರಿ, ವಿಮಾನ ಬಂದಾಗ ಗಿರಾಕಿಗಳು ಅತ್ತ ಹೋದರು. ಚೀಲದವರ ಕಥೆಯೂ ಅದೇ. ಜನ ಕೊಂಡದ್ದು ನಡುದಾರಿಯಲ್ಲಿ ಸಾಮಾನು ಚೆಲ್ಲುವುದಿಲ್ಲ ಅನ್ನುವ ಧೈರ್ಯವನ್ನು.

ಹಂತ 3: ಅವರ ಮಾತನ್ನೇ ಬಳಸಿ

ಈ ಹಂತ ಚಿಕ್ಕದು. ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ನಿಮ್ಮ ಭಾಷೆಗೆ ತಿದ್ದಬೇಡಿ. ‘ಅತ್ಯುತ್ತಮ ಗುಣಮಟ್ಟದ ದೀರ್ಘ ಬಾಳಿಕೆಯ ಚೀಲಗಳು’ ಎಂಬ ಸಾಲು ಯಾರಿಗೂ ತಾಗುವುದಿಲ್ಲ. ‘ಬಸ್ಸು ಇಳಿಯುವಾಗ ಜಿಪ್ ಕಿತ್ತುಹೋಗುವ ಭಯ ಬೇಡ’ ಎಂದರೆ, ಅನುಭವಿಸಿದವರು ತಕ್ಷಣ ತಿರುಗಿ ನೋಡುತ್ತಾರೆ.

ಹಂತ 4: ಕೇಳಿ, ಆಮೇಲೆ ಬರೆಯಿರಿ

ನಂಬರ್ ಸಿಕ್ಕಿತು ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿಬಿಡುವುದು ನಂಟು ಕೆಡಿಸುವ ಸುಲಭದ ದಾರಿ. ಬಿಲ್ ಕೊಡುವಾಗಲೇ ಕೇಳಿ. ‘ತಿಂಗಳಿಗೆ ಒಂದು ಮೆಸೇಜ್ ಕಳಿಸಲಾ? ಬೇಡ ಅನ್ನಿಸಿದರೆ ಬೇಡ ಅಂತ ಒಂದು ಪದ ಬರೆದರೆ ಸಾಕು.’ 1999ರಲ್ಲಿ ಅಮೆರಿಕದ ಲೇಖಕ ಸೇಥ್ ಗೋಡಿನ್ ‘ಪರ್ಮಿಷನ್ ಮಾರ್ಕೆಟಿಂಗ್’ ಅನ್ನುವ ಮಾತನ್ನು ಬಳಕೆಗೆ ತಂದರು. ಕಳಿಸುವ ಸಂದೇಶ ಗಿರಾಕಿಗಳು ಎದುರು ನೋಡುವಂಥದ್ದಾಗಿರಬೇಕು, ಅವರಿಗೆಂದೇ ಬರೆದದ್ದಾಗಿರಬೇಕು, ಅವರಿಗೆ ಸಂಬಂಧಪಟ್ಟದ್ದಾಗಿರಬೇಕು ಎಂದು ಅವರು ಹೇಳಿದರು. ಕಳಿಸುವ ಮೊದಲು ಮೂರನ್ನೂ ಒಮ್ಮೆ ನೋಡಿಕೊಳ್ಳಿ.

ತಿಂಗಳಿಗೆ ಒಂದು ಎಂದು ಹೇಳಿದ ಮೇಲೆ ಒಂದೇ. ಎಷ್ಟೇ ಒಳ್ಳೆಯ ಆಫರ್ ಇದ್ದರೂ ಎರಡನೆಯದು ಬೇಡ.

ಹಂತ 5: ಮಾರದ ಸಂದೇಶ ಕಳಿಸಿ

‘ಪ್ರಿಯ ಗ್ರಾಹಕರೇ, ನಮ್ಮ ಹೊಸ ಸಂಗ್ರಹ ಬಂದಿದೆ, ಇಂದೇ ಭೇಟಿ ಕೊಡಿ’ ಎನ್ನುವುದು ಒಂದು ಬಗೆ. ‘ಮಗಳ ಕಾಲೇಜು ಶುರುವಾಯ್ತಾ? ಆ ಚೀಲ ಮಳೆಯಲ್ಲಿ ನೆನೆದರೆ ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಒಣಗಿಸಿ. ಬಣ್ಣ ಉಳಿಯುತ್ತದೆ’ ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಮಾರಾಟದ ಸುದ್ದಿಯೇ ಇಲ್ಲ. ಆದರೆ ಮುಂದೆ ಚೀಲ ಬೇಕಾದಾಗ ಆ ತಾಯಿ ಯಾರಿಗೆ ಫೋನ್ ಮಾಡುತ್ತಾರೆ ಹೇಳಿ. ನಾಲ್ಕನೇ ಕಾಲಂ ಕೆಲಸಕ್ಕೆ ಬರುವುದು ಹೀಗೆ.

ಅಮೆರಿಕದಲ್ಲಿ ಜೋ ಗಿರಾರ್ಡ್ ಎಂಬ ಕಾರು ಮಾರಾಟಗಾರರಿದ್ದರು. 1963ರಿಂದ 1978ರವರೆಗೆ ಒಂದು ಷೆವರ್ಲೆ ಡೀಲರ್ ಬಳಿ ಕೆಲಸ ಮಾಡಿ 13,001 ಕಾರು ಮಾರಿದರು. ಗಿನ್ನೆಸ್ ದಾಖಲೆಯಲ್ಲಿ ಅವರ ಹೆಸರು ಸೇರಿತು. ಅವರು ತಮ್ಮ ಹಳೆಯ ಗಿರಾಕಿಗಳಿಗೆ ಪ್ರತಿ ತಿಂಗಳೂ ಒಂದು ಕಾರ್ಡ್ ಕಳಿಸುತ್ತಿದ್ದರು. ಅದರಲ್ಲಿ ‘ನೀವೆಂದರೆ ನನಗೆ ಇಷ್ಟ’ ಅನ್ನುವ ಒಂದು ಸಾಲು ಇರುತ್ತಿತ್ತು. ಕಾರು ದಿನಾ ಕೊಳ್ಳುವ ವಸ್ತುವಲ್ಲ, ವರ್ಷಗಟ್ಟಲೆ ಕಾಯಬೇಕು. ಅಷ್ಟು ವರ್ಷವೂ ಅವರು ಗಿರಾಕಿಯ ನೆನಪಿನಲ್ಲಿ ಉಳಿದರು. ಇವತ್ತು ಮೊಬೈಲ್‌ಗಳು ಶುಭಾಶಯಗಳಿಂದ ತುಂಬಿ ಹೋಗಿವೆ. ಹಾಗಾಗಿ ಕಾರ್ಡ್ ಅನ್ನೇ ನಕಲು ಮಾಡಿದರೆ ಆಗದು. ಅವರ ಕ್ರಮ ತಪ್ಪದ ಶಿಸ್ತನ್ನು ಕಲಿಯಬೇಕು.

ಹಂತ 6: ತಪ್ಪಾದ ದಿನ

ನನಗೆ ಒಂದು ಅನುಭವ ಮರೆಯುವುದಿಲ್ಲ. ತರಿಸಿಕೊಂಡ ವಸ್ತು ಕೆಟ್ಟಿತ್ತು. ದೂರು ಕೊಟ್ಟು ಎರಡು ವಾರ ಕಾದೆ, ಉತ್ತರ ಬರಲಿಲ್ಲ. ಅಷ್ಟರಲ್ಲಿ ನನ್ನ ಹುಟ್ಟುಹಬ್ಬ ಬಂತು. ಅದೇ ಕಂಪನಿಯಿಂದ ಬಣ್ಣಬಣ್ಣದ ಶುಭಾಶಯ ಬಂತು. ನನಗೆ ನಿಜವಾಗಿಯೂ ನೋವಾಯಿತು. ನನ್ನ ಹುಟ್ಟಿದ ದಿನ ಅವರಿಗೆ ಗೊತ್ತಿತ್ತು, ನನ್ನ ತೊಂದರೆ ಗೊತ್ತಿರಲಿಲ್ಲ. ಶುಭಾಶಯ ಕಳಿಸುವ ಮೊದಲು ಬಾಕಿ ಇರುವ ದೂರುಗಳನ್ನು ನೋಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ತಪ್ಪು ಎಲ್ಲರಿಂದಲೂ ಆಗುತ್ತದೆ. ಆದಾಗ ಅದೇ ದಿನ ಫೋನ್ ಮಾಡಿ. ಪರಿಹಾರ ಸಿಕ್ಕಿರದಿದ್ದರೂ ಪರವಾಗಿಲ್ಲ. ‘ನಿಮ್ಮ ತೊಂದರೆ ನನಗೆ ತಲುಪಿದೆ, ನಾಳೆ ಸಂಜೆಯೊಳಗೆ ತಿಳಿಸುತ್ತೇನೆ’ ಎನ್ನಿ. ನಾಳೆ ಸಂಜೆಯೊಳಗೆ ತಿಳಿಸಿ. ‘ನಿಮಗೆ ತೊಂದರೆ ಆಗಿದ್ದರೆ ಕ್ಷಮಿಸಿ’ ಎಂದು ಬರೆಯಬೇಡಿ. ಆಗಿದೆ, ಅದಕ್ಕೇ ಅವರು ದೂರು ಕೊಟ್ಟಿದ್ದಾರೆ. ‘ಹೊಲಿಗೆ ಬಿಟ್ಟ ಚೀಲ ಕಳಿಸಿದ್ದೇನೆ, ನನ್ನ ತಪ್ಪು, ಬದಲಾಯಿಸಿ ಕೊಡುತ್ತೇನೆ’ ಎಂದು ಏನಾಯಿತೋ ಅದನ್ನೇ ಹೇಳಿ. ಹದಿನೈದು ದಿನ ಬಿಟ್ಟು ‘ಈಗ ಸರಿ ಇದೆಯಾ?’ ಎಂದು ಒಮ್ಮೆ ಕೇಳಿ. ಈ ಕೊನೆಯ ಫೋನ್ ಯಾರೂ ಮಾಡುವುದಿಲ್ಲ. ಮಾಡಿದವರನ್ನು ಗಿರಾಕಿ ಬಿಟ್ಟು ಹೋಗುವುದು ಅಪರೂಪ.

ಆದರೆ ಎಲ್ಲರನ್ನೂ ಉಳಿಸಿಕೊಳ್ಳಲೇಬೇಕು ಎಂದೇನಿಲ್ಲ. ನಿಮ್ಮ ಜೊತೆ ಕೆಲಸ ಮಾಡುವವರನ್ನು ಏಕವಚನದಲ್ಲಿ ಬೈಯುವ ಗಿರಾಕಿಯನ್ನು ಮರ್ಯಾದೆಯಿಂದಲೇ ಕಳಿಸಿಕೊಡಿ.

ಹಂತ 7: ಬಾಯಿಂದ ಬಾಯಿಗೆ

ಹೆಚ್ಚಿನವರು ಮೊದಲು ನೆಂಟರು, ಸ್ನೇಹಿತರನ್ನು ನೆಚ್ಚಿಕೊಳ್ಳುತ್ತಾರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಹೇಳುತ್ತದೆ. ಪರಿಚಯಸ್ಥರ ಮೂಲಕ ಕೆಲಸ ಹಿಡಿದವರನ್ನು ಅವರು ಕೇಳಿದರು. ಸುದ್ದಿ ಕೊಟ್ಟವರನ್ನು ಆಗಾಗ ಭೇಟಿ ಆಗುತ್ತಿದ್ದೆವು ಎಂದವರು ಆರರಲ್ಲಿ ಒಬ್ಬರಷ್ಟೇ. ಉಳಿದವರಿಗೆ ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರಿಂದ ಸುದ್ದಿ ಬಂದಿತ್ತು. ಕಾರಣ ಸರಳ. ಹತ್ತಿರದವರಿಗೆ ನಮಗೆ ಗೊತ್ತಿರುವವರೇ ಗೊತ್ತು. ದೂರದ ಪರಿಚಯದವರಿಗೆ ನಾವು ನೋಡದ ಲೋಕ ಗೊತ್ತು. ವ್ಯಾಪಾರಕ್ಕೂ ಇದನ್ನು ಹೊಂದಿಸಿ ನೋಡಿ. ವರ್ಷಕ್ಕೊಮ್ಮೆ ಬರುವ ಗಿರಾಕಿಯೇ ನಿಮ್ಮನ್ನು ಹೊಸ ಜನರ ನಡುವೆ ಕರೆದೊಯ್ಯಬಲ್ಲವರು.

‘ಯಾರಿಗಾದರೂ ಹೇಳಿ’ ಎಂದು ಕೇಳಬೇಡಿ. ಅದು ಗಾಳಿಗೆ ಹೋಗುತ್ತದೆ. ‘ನಿಮ್ಮ ಆಫೀಸಿನಲ್ಲಿ ದಿನಾ ಲ್ಯಾಪ್‌ಟಾಪ್ ಹೊತ್ತು ಬಸ್ಸಲ್ಲಿ ಓಡಾಡುವವರು ಇದ್ದಾರಾ?’ ಎಂದು ಕೇಳಿ. ಆಗ ಅವರ ಕಣ್ಣ ಮುಂದೆ ಒಂದು ಮುಖ ಬರುತ್ತದೆ. ಕೇಳುವ ಹೊತ್ತು ಕೂಡ ಮುಖ್ಯ. ಅವರಾಗಿಯೇ ಮೆಚ್ಚಿ ಮಾತಾಡಿದ ಗಳಿಗೆ ಅದಕ್ಕೆ ಸರಿ.

ಹಂತ 8: ಲೆಕ್ಕ ನೋಡಿ

ಲೈಕ್ ಎಣಿಸುವುದನ್ನು ಬಿಡಿ. ಮೂರು ತಿಂಗಳ ಹಿಂದೆ 40 ಜನ ಮೊದಲ ಸಲ ಕೊಂಡಿದ್ದರು ಎನ್ನಿ. ಅವರಲ್ಲಿ 10 ಜನ ಮತ್ತೆ ಬಂದಿದ್ದರೆ ನಿಮ್ಮ ಲೆಕ್ಕ ನೂರಕ್ಕೆ 25. ಮುಂದಿನ ಮೂರು ತಿಂಗಳಲ್ಲಿ ಅದು ಏರಿತೇ, ಇಳಿಯಿತೇ? ಬೇರೆಯವರ ಜೊತೆ ಹೋಲಿಸಬೇಡಿ, ನಿಮ್ಮದೇ ಹಿಂದಿನ ಅಂಕಿಯ ಜೊತೆ ಹೋಲಿಸಿ. ಸೋಫಾ ಮಾರುವವರು ಮೂರು ತಿಂಗಳ ಲೆಕ್ಕ ಹಿಡಿದರೆ ಅರ್ಥವಿಲ್ಲ. ಅಂಥವರು ಎಷ್ಟು ಜನ ಇನ್ನೊಬ್ಬರ ಮಾತು ಕೇಳಿ ಬಂದರು ಎಂದು ಎಣಿಸಬೇಕು.

ಅಮೆರಿಕದ ವ್ಯಾಪಾರ ಸಲಹೆಗಾರ ಫ್ರೆಡ್ ರೈಕ್‌ಹೆಲ್ಡ್ 2003ರಲ್ಲಿ ಒಂದು ಪ್ರಶ್ನೆಯ ಅಳತೆಗೋಲು ಕೊಟ್ಟರು. ‘ನಮ್ಮ ಬಗ್ಗೆ ಸ್ನೇಹಿತರಿಗೆ ಹೇಳುವಿರಾ? 0ಯಿಂದ 10ರೊಳಗೆ ಅಂಕ ಕೊಡಿ.’ 9 ಮತ್ತು 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6 ಕೊಟ್ಟವರ ಶೇಕಡಾವಾರನ್ನು ಕಳೆಯುತ್ತಾರೆ. ಸಣ್ಣ ವ್ಯಾಪಾರಕ್ಕೆ ಆ ಅಂಕಿಗಿಂತ ಅದರ ಹಿಂದೆ ಕೇಳುವ ‘ಯಾಕೆ?’ ದೊಡ್ಡದು ಎನ್ನುವುದು ನನ್ನ ಅನಿಸಿಕೆ. 6 ಕೊಟ್ಟವರಿಗೆ ಫೋನ್ ಮಾಡಿ ಕಾರಣ ಕೇಳಿ.

ಪಟ್ಟಿ ಬೆಳೆದಾಗ

ಒಬ್ಬ ಮನುಷ್ಯ ಸುಮಾರು 150 ಜನರ ಜೊತೆ ಮಾತ್ರ ಸ್ಥಿರವಾದ ನಂಟು ಇಟ್ಟುಕೊಳ್ಳಬಲ್ಲ ಎಂದು ಮಾನವಶಾಸ್ತ್ರಜ್ಞ ರಾಬಿನ್ ಡನ್ಬಾರ್ 1990ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿದರು. ಆ ಸಂಖ್ಯೆ ಅಷ್ಟು ನಿಖರವೇ ಎಂಬ ಚರ್ಚೆ ಇನ್ನೂ ಇದೆ. ಆದರೆ ಒಂದು ಮಿತಿ ಇರುವುದು ಎಲ್ಲರ ಅನುಭವ. ನಿಮ್ಮ ನೋಟ್‌ಬುಕ್ ಅಲ್ಲಿಗೆ ಮುಟ್ಟಿದಾಗ ಕಂಪ್ಯೂಟರಿಗೆ ಏರಿಸಿ, ಪಟ್ಟಿಯ ಒಂದು ಭಾಗವನ್ನು ಜೊತೆಗಾರರಿಗೆ ಒಪ್ಪಿಸಿ. ಬರೀ ಹೆಸರು, ನಂಬರ್ ಕೊಟ್ಟು ಕೈತೊಳೆದುಕೊಳ್ಳಬೇಡಿ. ಪಕ್ಕದಲ್ಲಿ ಕೂತು ನಾಲ್ಕನೇ ಕಾಲಂ ಅನ್ನು ಒಂದೊಂದಾಗಿ ಓದಿ ಹೇಳಿ. ಮೊದಲ ಕೆಲವು ಫೋನ್‌ಗಳನ್ನು ಇಬ್ಬರೂ ಸೇರಿ ಮಾಡಿ. ಆ ಕಡೆಯ ದನಿ ಹೊಸಬರಿಗೆ ಪರಿಚಯವಾದ ಮೇಲೆ ಪುಟ ಅವರ ಕೈಗೆ ಕೊಡಿ.